ಸಬ್‌ನೆಟ್‌ನ ಗಡಿಯಾಚೆ ಕಾಣದಾಗುವ ಸರ್ವರ್

ಕಡತಗಳನ್ನು ಹಂಚಿಕೊಡುವ ಸರ್ವರೊಂದರ ಹೆಸರು ಬಳಕೆದಾರರ ಪರದೆಯ ಮೇಲಿನ ಪಟ್ಟಿಯಲ್ಲಿ ಕಾಣುವುದು, ಆ ಹೆಸರಿನ ಹಿಂದಿರುವ ಐಪಿ ವಿಳಾಸ ಪತ್ತೆಯಾಗುವುದು ಮತ್ತು ಆ ವಿಳಾಸಕ್ಕೆ ಸಂಪರ್ಕ ಕುದುರಿ ಕಡತ ತೆರೆದುಕೊಳ್ಳುವುದು ಒಂದೇ ಕೆಲಸವೆಂಬಂತೆ ತೋರಿದರೂ, ಈ ಮೂರನ್ನೂ ನೋಡಿಕೊಳ್ಳುವ ವ್ಯವಸ್ಥೆಗಳು ಬೇರೆ ಬೇರೆ. ಒಂದೇ ಸಬ್‌ನೆಟ್‌ನೊಳಗೆ, ಅಂದರೆ ರೌಟರ್‌ನ ಮಧ್ಯಸ್ಥಿಕೆಯಿಲ್ಲದೆ ಯಂತ್ರಗಳು ಪರಸ್ಪರ ನೇರವಾಗಿ ವ್ಯವಹರಿಸಬಲ್ಲ ಜಾಲದ ಒಂದು ತುಂಡಿನೊಳಗೆ, ಈ ಮೂರೂ ತಮ್ಮಷ್ಟಕ್ಕೆ ತಾವೇ ನಡೆದುಹೋಗುವುದರಿಂದ ಅವುಗಳ ನಡುವಿನ ಭೇದ ಯಾರ ಗಮನಕ್ಕೂ ಬರುವುದಿಲ್ಲ. ಕಚೇರಿ ಬೆಳೆದು, ಇದ್ದೊಂದು ಸಬ್‌ನೆಟ್ ಎರಡಾಗಿ ಮೂರಾಗಿ ನಡುವೆ ರೌಟರ್ ಬಂದು ಕೂತಾಗ, ಅದುವರೆಗೆ ಎಲ್ಲರಿಗೂ ಕಾಣುತ್ತಿದ್ದ ಸರ್ವರ್ ಕೆಲವರ ಪಟ್ಟಿಯಿಂದ ಮಾಯವಾಗುತ್ತದೆ. ಆಗ ಸರ್ವರ್ ಕೆಟ್ಟಿದೆಯೆಂದು ಅದನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸುವವರು, ಕೇಬಲ್ ಬದಲಿಸುವವರು, ಕೊನೆಗೆ ಸುರಕ್ಷತೆಯ ಏರ್ಪಾಡುಗಳನ್ನೇ ಕಿತ್ತುಹಾಕುವವರು ಎಲ್ಲೆಡೆಯೂ ಇದ್ದಾರೆ. ಆದರೆ ವಾಸ್ತವದಲ್ಲಿ ಅಲ್ಲಿ ಯಾವುದೂ ಕೆಟ್ಟಿರುವುದಿಲ್ಲ.

ಸಬ್‌ನೆಟ್‌ನೊಳಗಿನ ಸರ್ವರ್ ತನ್ನ ಇರವನ್ನು ತಿಳಿಸುವುದು ಬ್ರಾಡ್‌ಕಾಸ್ಟ್ ಮೂಲಕ, ಎಂದರೆ ಯಾವ ಒಂದು ಯಂತ್ರಕ್ಕೂ ವಿಳಾಸ ಬರೆಯದೆ ಎಲ್ಲ ಯಂತ್ರಗಳಿಗೂ ತಲುಪುವಂತೆ ಕಳಿಸುವ ಸಂದೇಶದ ಮೂಲಕ. ಇದು ಊರಿನಲ್ಲಿ ಡಂಗುರ ಸಾರಿದಂತೆ: ಊರೊಳಗಿನವರೆಲ್ಲರಿಗೂ ಕೇಳಿಸುತ್ತದೆ, ಊರಗಡಿಯಾಚೆಗೆ ಕೇಳಿಸುವುದಿಲ್ಲ. ಸಬ್‌ನೆಟ್‌ನ ಗಡಿ ಕಾಯುವ ರೌಟರ್ ಇಂಥ ಸಂದೇಶವನ್ನು ಆಚೆಗೆ ದಾಟಿಸದಿರುವುದು ಅದರ ಕೊರತೆಯಲ್ಲ, ಅದರ ಕರ್ತವ್ಯ. ಪ್ರತಿಯೊಂದು ಯಂತ್ರದ ಘೋಷಣೆಯೂ ಪ್ರತಿಯೊಂದು ಸಬ್‌ನೆಟ್‌ಗೂ ಹರಿಯುವಂತಿದ್ದರೆ, ಜಾಲವನ್ನು ತುಂಡು ಮಾಡಿದ್ದರ ಉದ್ದೇಶವೇ ಹಾಳಾಗುತ್ತಿತ್ತು. ಆದ್ದರಿಂದ ಸಮಸ್ಯೆಯನ್ನು ಬಿಡಿಸಹೊರಟವರು ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ಸಬ್‌ನೆಟ್‌ನೊಳಗೆ ಪುಕ್ಕಟೆಯಾಗಿ ಸಿಕ್ಕ ಗೋಚರತೆ ಗಡಿಯಾಚೆ ಪುಕ್ಕಟೆಯಾಗಿ ಸಿಗುವುದಿಲ್ಲ ಮತ್ತು ಅಲ್ಲಿ ಯಾರಾದರೊಬ್ಬರು ಹೆಸರುಗಳ ದಫ್ತರ ಇಡಲೇಬೇಕು.

ಈ ತೊಡಕಿನ ಬೇರು 1983ರಲ್ಲಿದೆ. ಐಬಿಎಂ ಕಂಪನಿಯ ಪಿಸಿ ನೆಟ್‌ವರ್ಕ್‌ಗಾಗಿ ಸೈಟೆಕ್ ಎಂಬ ಸಂಸ್ಥೆ ಆ ವರ್ಷ ರೂಪಿಸಿದ ನೆಟ್‌ಬಯಾಸ್ ಎಂಬ ಏರ್ಪಾಡು ಯಂತ್ರಗಳನ್ನು ಅಂಕಿಗಳ ಬದಲು ಹೆಸರುಗಳಿಂದ ಗುರುತಿಸುವ ಅನುಕೂಲವನ್ನು ತಂದಿತು. ಅದು ಹುಟ್ಟಿದ್ದು ರೌಟರ್‌ಗಳೇ ಇಲ್ಲದ ಪುಟ್ಟ ಜಾಲಕ್ಕಾಗಿ. ಹೊಸ ಯಂತ್ರವೊಂದು ತನಗೆ ಬೇಕಾದ ಹೆಸರನ್ನು ಎಲ್ಲರಿಗೂ ಕೇಳುವಂತೆ ಸಾರಿ, ಯಾರೂ ಆಕ್ಷೇಪಿಸದಿದ್ದರೆ ಆ ಹೆಸರನ್ನು ತನ್ನದಾಗಿಸಿಕೊಳ್ಳುತ್ತಿತ್ತು. ಹೆಸರಿಗೆ 16 ಬೈಟ್‌ಗಳ ಜಾಗ, ಅದರಲ್ಲಿ 15 ಅಕ್ಷರಗಳು ಹೆಸರಿಗೆ, ಹದಿನಾರನೆಯ ಬೈಟ್ ಆ ಹೆಸರಿನವನು ಮಾಡುವ ಕೆಲಸವನ್ನು ಸೂಚಿಸುವುದಕ್ಕೆ. ಮುಂದೆ 1987ರಲ್ಲಿ ಹೊರಬಂದ ಆರ್‌ಎಫ್‌ಸಿ 1001 ಮತ್ತು 1002 ಎಂಬ ಎರಡು ಮಾನಕ ದಾಖಲೆಗಳು ಈ ಏರ್ಪಾಡನ್ನು ಟಿಸಿಪಿ/ಐಪಿ ಜಾಲಗಳ ಮೇಲೆ ಹೇಗೆ ನಡೆಸಬೇಕೆಂಬುದನ್ನು ವಿವರಿಸಿದವು. ಬ್ರಾಡ್‌ಕಾಸ್ಟ್ ಸಾಲದೆಂಬ ಅರಿವು ಆ ದಾಖಲೆಗಳಲ್ಲಿಯೇ ಇತ್ತು. ಸಾರಿ ಹೇಳಿ ಹೆಸರು ಪಡೆಯುವ ಯಂತ್ರಗಳ ಜೊತೆಗೆ, ನೆಟ್‌ಬಯಾಸ್ ನೇಮ್ ಸರ್ವರ್ ಎಂಬ ಒಂದು ಕೇಂದ್ರದಲ್ಲಿ ಹೆಸರನ್ನು ನೋಂದಾಯಿಸಿ ಅಲ್ಲಿಯೇ ವಿಚಾರಿಸುವ ಇನ್ನೊಂದು ಬಗೆಯ ಯಂತ್ರಗಳನ್ನೂ ಅವು ಕಲ್ಪಿಸಿದ್ದವು. ಆ ಕೇಂದ್ರವನ್ನು ಮೈಕ್ರೋಸಾಫ್ಟ್ 1994ರಲ್ಲಿ ವಿಂಡೋಸ್ ಎನ್‌ಟಿ 3.5ರೊಂದಿಗೆ ‘ವಿನ್ಸ್’ ಎಂಬ ಹೆಸರಿನಲ್ಲಿ ಬಳಕೆಗೆ ತಂದಿತು.

ಅದೇ ಕಾಲದ ಇತರ ಜಾಲಗಳು ಬೇರೆ ಹಾದಿ ಹಿಡಿದಿದ್ದವು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ನಾವೆಲ್ ಕಂಪನಿಯ ನೆಟ್‌ವೇರ್‌ನಲ್ಲಿ ಪ್ರತಿಯೊಂದು ಸರ್ವರೂ 60 ಸೆಕೆಂಡಿಗೊಮ್ಮೆ ತನ್ನ ಸೇವೆಯನ್ನು ಘೋಷಿಸುತ್ತಿತ್ತು, ರೌಟರ್‌ಗಳೇ ಆ ಘೋಷಣೆಗಳನ್ನು ಕೋಷ್ಟಕದಲ್ಲಿ ಬರೆದಿಟ್ಟುಕೊಂಡು ಆಚೆಯ ಜಾಲಗಳಿಗೆ ಒಪ್ಪಿಸುತ್ತಿದ್ದವು. ಆಪಲ್‌ಟಾಕ್‌ನಲ್ಲಿ ಜಾಲವನ್ನು ವಲಯಗಳಾಗಿ ವಿಂಗಡಿಸಿ, ವಲಯಗಳ ಪಟ್ಟಿಯನ್ನು ರೌಟರ್‌ಗಳೇ ಕಾಪಾಡುತ್ತಿದ್ದವು. ಬಳಕೆದಾರರ ದೃಷ್ಟಿಯಿಂದ ಇವು ಸೊಗಸಾದ ಏರ್ಪಾಡುಗಳೇ. ಆದರೆ ಊರೂರುಗಳ ಕಚೇರಿಗಳನ್ನು ಜೋಡಿಸುತ್ತಿದ್ದ ನಿಧಾನಗತಿಯ ತಂತಿಗಳ ಮೇಲೆ ಈ ಘೋಷಣೆಗಳ ಹೊರೆ ಸಣ್ಣದಾಗಿರಲಿಲ್ಲ. ಐಪಿ ಜಾಲದ ರೌಟರ್ ಅಂಥ ಯಾವ ಜವಾಬ್ದಾರಿಯನ್ನೂ ಹೊರುವುದಿಲ್ಲ. ಅದಕ್ಕೆ ವಿಳಾಸಗಳು ಗೊತ್ತೇ ಹೊರತು ಸೇವೆಗಳು ಗೊತ್ತಿಲ್ಲ. ಐಪಿ ಜಗತ್ತಿನಾದ್ಯಂತ ಹಬ್ಬುವಷ್ಟು ಹಗುರವಾಗಿ ಉಳಿದುದರ ಹಿಂದೆ ಈ ನಿರ್ಲಿಪ್ತತೆಯ ಪಾಲೂ ಇದೆ, ಕಚೇರಿಯ ಸರ್ವರ್ ಪಕ್ಕದ ಮಹಡಿಗೆ ಕಾಣದೆ ಹೋಗುವುದರ ಹಿಂದೆಯೂ ಇದರದೇ ಪಾಲಿದೆ.

ಪಟ್ಟಿಯ ಕತೆ ಇನ್ನೂ ಜಟಿಲ. ಮೈಕ್ರೋಸಾಫ್ಟ್ 1992ರ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್‌ನೊಂದಿಗೆ ಬಳಕೆಗೆ ತಂದ ಬ್ರೌಸರ್ ಸೇವೆಗೂ ಅಂತರಜಾಲ ಪುಟಗಳನ್ನು ತೋರಿಸುವ ಬ್ರೌಸರ್‌ಗೂ ಯಾವ ಸಂಬಂಧವೂ ಇಲ್ಲ. ಜಾಲದಲ್ಲಿ ಇರುವ ಸರ್ವರ್‌ಗಳ ಪಟ್ಟಿಯನ್ನು ಸಂಗ್ರಹಿಸಿ ಕೇಳಿದವರಿಗೆ ಕೊಡುವುದು ಇದರ ಕೆಲಸ. ಈ ಪಟ್ಟಿಯನ್ನು ಇಡುವ ಹೊಣೆಯನ್ನು ಯಾರಿಗೂ ಕಾಯಂ ವಹಿಸಿಕೊಟ್ಟಿಲ್ಲ. ಪ್ರತಿಯೊಂದು ಸಬ್‌ನೆಟ್‌ನಲ್ಲಿಯೂ ಯಂತ್ರಗಳ ನಡುವೆ ಚುನಾವಣೆ ನಡೆದು, ಗೆದ್ದ ಯಂತ್ರ ಆ ಸಬ್‌ನೆಟ್‌ನ ಲೋಕಲ್ ಮಾಸ್ಟರ್ ಬ್ರೌಸರ್, ಎಂದರೆ ಸ್ಥಳೀಯ ಪಟ್ಟಿಯ ಒಡೆಯ, ಆಗುತ್ತದೆ. ಚುನಾವಣೆಯಲ್ಲಿ ಮೊದಲ ಲೆಕ್ಕಕ್ಕೆ ಬರುವುದು ಕಾರ್ಯಾಚರಣ ವ್ಯವಸ್ಥೆಯ ದರ್ಜೆ: ವಿಂಡೋಸ್ 95ಕ್ಕೆ 1, ಎನ್‌ಟಿ ವರ್ಕ್‌ಸ್ಟೇಷನ್‌ಗೆ 16, ಎನ್‌ಟಿ ಸರ್ವರ್‌ಗೆ 32. ದರ್ಜೆ ಸಮವಾದಾಗ ಯಂತ್ರ ನಿರ್ವಹಿಸುತ್ತಿರುವ ಪಾತ್ರ, ಅದು ಎಷ್ಟು ಹೊತ್ತಿನಿಂದ ಚಾಲ್ತಿಯಲ್ಲಿದೆ ಎಂಬಂಥ ಅಂಶಗಳು ಗಣನೆಗೆ ಬರುತ್ತವೆ. ಪಟ್ಟಿಯ ಒಡೆಯನಾದ ಯಂತ್ರವನ್ನು ಯಾರಾದರೂ ಸಂಜೆ ಆರಿಸಿ ಮನೆಗೆ ಹೋದರೆ ಉಳಿದವು ಮತ್ತೆ ಚುನಾವಣೆ ನಡೆಸುತ್ತವೆ. ಯಾರ ನಿರ್ವಹಣೆಯೂ ಇಲ್ಲದ ಪುಟ್ಟ ಕಚೇರಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಆಗ ಇರಲಿಲ್ಲವೆಂದೇ ಹೇಳಬೇಕು.

ಸಬ್‌ನೆಟ್‌ಗಳು ಹಲವಾದಾಗ ಒಡೆಯರೂ ಹಲವರಾಗುತ್ತಾರೆ, ಒಬ್ಬರ ಪಟ್ಟಿ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಅವರ ಪಟ್ಟಿಗಳನ್ನು ಒಟ್ಟುಗೂಡಿಸಲು ಡೊಮೇನ್ ಮಾಸ್ಟರ್ ಬ್ರೌಸರ್ ಎಂಬ ಇನ್ನೊಂದು ಸ್ಥಾನವಿದೆ. ಇದಕ್ಕೆ ಚುನಾವಣೆಯಿಲ್ಲ, ವಿಂಡೋಸ್ ಡೊಮೇನ್‌ಗಳಲ್ಲಿ ಪ್ರಧಾನ ನಿಯಂತ್ರಕ ಸರ್ವರ್‌ಗೇ ಈ ಸ್ಥಾನ ಮೀಸಲು. ಹದಿನಾರನೆಯ ಬೈಟ್‌ನ ಮಹತ್ವ ಬೆಳಕಿಗೆ ಬರುವುದು ಇಲ್ಲಿಯೇ. ಗುಂಪಿನ ಹೆಸರಿನ ಕೊನೆಗೆ 1ಡಿ ಎಂಬ ಸಂಕೇತವಿದ್ದರೆ ಅದು ಆಯಾ ಸಬ್‌ನೆಟ್‌ನ ಸ್ಥಳೀಯ ಒಡೆಯನ ಗುರುತು, 1ಬಿ ಎಂದಿದ್ದರೆ ಇಡೀ ಗುಂಪಿನ ಏಕೈಕ ಒಡೆಯನ ಗುರುತು. ಮೊದಲನೆಯದು ಪ್ರತಿಯೊಂದು ಸಬ್‌ನೆಟ್‌ನಲ್ಲಿಯೂ ಒಂದೊಂದು ಇರುವುದರಿಂದ ವಿನ್ಸ್ ಅದನ್ನು ಯಾರಿಗೂ ಹೇಳುವುದಿಲ್ಲ. ಎರಡನೆಯದು ಒಂದೇ ಇರುವುದರಿಂದ, ಕೇಳಿದವರಿಗೆಲ್ಲ ಅದರ ವಿಳಾಸವನ್ನು ತಿಳಿಸುತ್ತದೆ.

ಈ ಯಂತ್ರಾಂಗವೆಲ್ಲ ಒಟ್ಟಾಗಿ ನಡೆಯುವ ಬಗೆಯನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡಬಹುದು. ‘ಕಚೇರಿ’ ಎಂಬ ಗುಂಪಿನ ಯಂತ್ರಗಳು 192.168.10, 192.168.20 ಮತ್ತು 192.168.30 ಎಂದು ಆರಂಭವಾಗುವ ವಿಳಾಸಗಳ ಮೂರು ಸಬ್‌ನೆಟ್‌ಗಳಲ್ಲಿ ಹರಡಿವೆ ಎಂದು ಭಾವಿಸೋಣ. ಡೊಮೇನ್ ಮಾಸ್ಟರ್ ಬ್ರೌಸರ್ ಮತ್ತು ವಿನ್ಸ್ ಎರಡನ್ನೂ ನಡೆಸುವ ಯಂತ್ರ ಮೊದಲನೆಯ ಸಬ್‌ನೆಟ್‌ನಲ್ಲಿದೆ. ಎರಡನೆಯದರಲ್ಲಿ ‘ಲೆಕ್ಕ’ ಎಂಬ ಕಡತ ಸರ್ವರ್ ಹೊಸದಾಗಿ ಚಾಲೂ ಆಗುತ್ತದೆ. ಅದು ತನ್ನ ಹೆಸರು ಮತ್ತು ವಿಳಾಸವನ್ನು ವಿನ್ಸ್‌ನಲ್ಲಿ ನೇರವಾಗಿ ನೋಂದಾಯಿಸುತ್ತದೆ. ಜೊತೆಗೆ ಯುಡಿಪಿ 138ನೆಯ ಪೋರ್ಟ್‌ನಲ್ಲಿ, ಮೊದಲು ನಿಮಿಷಕ್ಕೊಮ್ಮೆ, ಬರಬರುತ್ತ 12 ನಿಮಿಷಕ್ಕೊಮ್ಮೆ ತನ್ನ ಇರವನ್ನು ಬ್ರಾಡ್‌ಕಾಸ್ಟ್ ಮಾಡುತ್ತದೆ. ಅದನ್ನು ಕೇಳಿಸಿಕೊಂಡ ಎರಡನೆಯ ಸಬ್‌ನೆಟ್‌ನ ಸ್ಥಳೀಯ ಒಡೆಯ ‘ಲೆಕ್ಕ’ವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡು, ‘ಕಚೇರಿ’ ಗುಂಪಿನ 1ಬಿ ಹೆಸರಿನ ವಿಳಾಸವನ್ನು ವಿನ್ಸ್‌ನಿಂದ ವಿಚಾರಿಸಿ, ಆ ವಿಳಾಸಕ್ಕೆ ತಾನೇ ಇಲ್ಲಿಯ ಒಡೆಯನೆಂದು ನೇರ ಸಂದೇಶ ಕಳಿಸುತ್ತದೆ. ಇದು ಬ್ರಾಡ್‌ಕಾಸ್ಟ್ ಅಲ್ಲದ, ಖಚಿತ ವಿಳಾಸವುಳ್ಳ ಸಂದೇಶವಾದ್ದರಿಂದ ರೌಟರ್ ಅಡ್ಡಿಪಡಿಸುವುದಿಲ್ಲ. ಬಳಿಕ ಇಬ್ಬರೂ ಪರಸ್ಪರ ಪಟ್ಟಿಗಳನ್ನು ತರಿಸಿಕೊಳ್ಳುತ್ತಾರೆ. ಮೂರನೆಯ ಸಬ್‌ನೆಟ್‌ನ ಒಡೆಯ 12ರಿಂದ 15 ನಿಮಿಷಗಳಿಗೊಮ್ಮೆ ನಡೆಯುವ ತನ್ನ ಸರದಿಯಲ್ಲಿ ಕೇಂದ್ರದಿಂದ ಪಟ್ಟಿ ತರಿಸಿಕೊಂಡಾಗ ಮಾತ್ರ ‘ಲೆಕ್ಕ’ದ ಹೆಸರು ಅಲ್ಲಿಯವರಿಗೆ ಕಾಣುತ್ತದೆ.

ಹೆಸರು ಕಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೂರನೆಯ ಸಬ್‌ನೆಟ್‌ನ ಬಳಕೆದಾರರೊಬ್ಬರು ಆ ಹೆಸರನ್ನು ಒತ್ತಿದಾಗ ಅವರ ಯಂತ್ರ ‘ಲೆಕ್ಕ’ದ ವಿಳಾಸವನ್ನು ಹೊಸದಾಗಿ ಹುಡುಕಬೇಕಾಗುತ್ತದೆ, ಏಕೆಂದರೆ ಒಡೆಯರು ಹಂಚಿಕೊಂಡ ಪಟ್ಟಿಯಲ್ಲಿ ಹೆಸರುಗಳಿವೆಯೇ ಹೊರತು ವಿಳಾಸಗಳಿಲ್ಲ. ಆ ಯಂತ್ರಕ್ಕೆ ವಿನ್ಸ್ ಎಲ್ಲಿದೆಯೆಂದು ತಿಳಿದಿಲ್ಲದಿದ್ದರೆ ಅದು ತನ್ನ ಸಬ್‌ನೆಟ್‌ನೊಳಗೆ ಬ್ರಾಡ್‌ಕಾಸ್ಟ್ ಮಾಡಿ ಕೇಳುತ್ತದೆ, ಉತ್ತರಿಸುವವರಿಲ್ಲದೆ ‘ಜಾಲದ ದಾರಿ ಸಿಗಲಿಲ್ಲ’ ಎಂಬ 53ನೆಯ ಸಂಖ್ಯೆಯ ದೋಷಸಂದೇಶ ತೋರಿಸುತ್ತದೆ. ಪಟ್ಟಿಯಲ್ಲಿ ಹೆಸರಿದ್ದೂ ತೆರೆಯದ ಸರ್ವರ್‌ಗಳ ಒಗಟಿಗೆ ಬಹುಪಾಲು ಇದೇ ಕಾರಣ. ಇದರ ವಿಲೋಮವೂ ಅಷ್ಟೇ ಸಾಮಾನ್ಯ: ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಸರ್ವರ್, ಅದರ ಹೆಸರನ್ನು ಕೈಯಾರೆ ಟೈಪ್ ಮಾಡಿದೊಡನೆ ತೆರೆದುಕೊಳ್ಳುತ್ತದೆ, ಏಕೆಂದರೆ ಅಲ್ಲಿ ಹೆಸರಿನ ದಫ್ತರ ಸರಿಯಿದ್ದು ಪಟ್ಟಿಗಳ ವಿನಿಮಯ ಮಾತ್ರ ನಿಂತಿರುತ್ತದೆ. ಇನ್ನು, ಮೂರು ಘೋಷಣೆಗಳ ಕಾಲ, ಎಂದರೆ 36 ನಿಮಿಷ, ಸದ್ದಿಲ್ಲದ ಯಂತ್ರವನ್ನು ಮಾತ್ರ ಸ್ಥಳೀಯ ಒಡೆಯ ಪಟ್ಟಿಯಿಂದ ತೆಗೆಯುವುದರಿಂದ ಮತ್ತು ಆ ಸುದ್ದಿ ಉಳಿದವರಿಗೆ ತಲುಪಲು ಮತ್ತೆರಡು ಸರದಿಗಳು ಬೇಕಾಗುವುದರಿಂದ, ಆರಿಸಿ ಒಂದು ಗಂಟೆ ಕಳೆದ ಸರ್ವರ್ ಕೂಡ ದೂರದ ಸಬ್‌ನೆಟ್‌ನ ಪಟ್ಟಿಯಲ್ಲಿ ಕಾಣುತ್ತಿರಬಹುದು. ಪಟ್ಟಿಯೆಂಬುದು ಜಾಲದ ಈ ಕ್ಷಣದ ಚಿತ್ರವಲ್ಲವೆಂಬ ತಿಳಿವಳಿಕೆಯಿಲ್ಲದೆ ದೋಷ ಹುಡುಕಹೊರಟವರು, ಐದೈದು ನಿಮಿಷಕ್ಕೊಮ್ಮೆ ಒಂದೊಂದು ಏರ್ಪಾಡು ಬದಲಿಸುತ್ತ, ಸರಿಯಾಗುತ್ತಿದ್ದುದನ್ನೂ ಕೆಡಿಸಿಬಿಡುವುದುಂಟು.

ಮೈಕ್ರೋಸಾಫ್ಟ್‌ನ ಈ ರಚನೆಯಲ್ಲಿ ಒಂದು ದೊಡ್ಡ ಕಂದರವಿತ್ತು. ಪ್ರಧಾನ ನಿಯಂತ್ರಕವಿಲ್ಲದ, ಬರೀ ವರ್ಕ್‌ಗ್ರೂಪ್ ಆಗಿರುವ ಕಚೇರಿಗೆ ಡೊಮೇನ್ ಮಾಸ್ಟರ್ ಬ್ರೌಸರ್ ಎಂಬುದೇ ಇಲ್ಲ. ಆದ್ದರಿಂದ ವಿಂಡೋಸ್ ಯಂತ್ರಗಳಷ್ಟೇ ಇರುವ ಅಂಥ ಕಚೇರಿಯಲ್ಲಿ ಸಬ್‌ನೆಟ್‌ಗಳ ಪಟ್ಟಿಗಳು ಎಂದಿಗೂ ಕೂಡುವುದಿಲ್ಲ. ಈ ಕಂದರವನ್ನು ತುಂಬಿದ್ದು ಸಾಂಬಾ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ 1992ರ ಆರಂಭದಲ್ಲಿ ಬಿಡುಗಡೆ ಮಾಡಿದ ತಂತ್ರಾಂಶದಿಂದ ಬೆಳೆದ, ಯುನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳನ್ನು ವಿಂಡೋಸ್ ಬಳಗದ ಕಡತ ಸರ್ವರ್‌ಗಳನ್ನಾಗಿಸುವ ಈ ಮುಕ್ತ ತಂತ್ರಾಂಶ, ಬರೀ ವರ್ಕ್‌ಗ್ರೂಪ್‌ಗೂ ಡೊಮೇನ್ ಮಾಸ್ಟರ್ ಬ್ರೌಸರ್ ಆಗಬಲ್ಲದು. ಅದರ ಸಂರಚನಾ ಕಡತದಲ್ಲಿ ‘ಡೊಮೇನ್ ಮಾಸ್ಟರ್’, ‘ಪ್ರಿಫರ್ಡ್ ಮಾಸ್ಟರ್’ ಮತ್ತು ‘ವಿನ್ಸ್ ಸಪೋರ್ಟ್’ ಎಂಬ ಮೂರಕ್ಕೂ ‘ಯೆಸ್’ ಎಂದು ಬರೆದು, ‘ಓಎಸ್ ಲೆವೆಲ್’ ಎಂಬ ದರ್ಜೆಯನ್ನು ಪೂರ್ವನಿಯೋಜಿತ 20ರಿಂದ ಎನ್‌ಟಿ ಸರ್ವರ್‌ನ 32ನ್ನು ಮೀರುವಷ್ಟು, ವಾಡಿಕೆಯಂತೆ 65ಕ್ಕೆ, ಏರಿಸಿದರೆ ಒಂದೇ ಲಿನಕ್ಸ್ ಯಂತ್ರ ಇಡೀ ಕಚೇರಿಯ ಪಟ್ಟಿಯನ್ನೂ ಹೆಸರುಗಳ ದಫ್ತರವನ್ನೂ ಹೊತ್ತುಕೊಳ್ಳುತ್ತದೆ. ಉಳಿದ ಯಂತ್ರಗಳಿಗೆ ವಿನ್ಸ್‌ನ ವಿಳಾಸವನ್ನು ಒಂದೊಂದಾಗಿ ತಿಳಿಸುವ ಕಷ್ಟವೂ ಬೇಡ. ಐಪಿ ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಸೇವೆಯ 44ನೆಯ ಆಯ್ಕೆಯಲ್ಲಿ ಆ ವಿಳಾಸವನ್ನೂ, 46ನೆಯ ಆಯ್ಕೆಯಲ್ಲಿ 8 ಎಂಬ ಮೌಲ್ಯವನ್ನೂ ಇಟ್ಟರೆ, ಯಂತ್ರಗಳು ಮೊದಲು ದಫ್ತರವನ್ನು ಕೇಳಿ, ಅಲ್ಲಿ ಸಿಗದಿದ್ದರೆ ಮಾತ್ರ ಬ್ರಾಡ್‌ಕಾಸ್ಟ್‌ಗೆ ಇಳಿಯುತ್ತವೆ.

ಇಲ್ಲಿ ಎಡವುವ ಜಾಗಗಳು ಕೆಲವಿವೆ. ಒಂದೇ ಜಾಲದಲ್ಲಿ ಎರಡು ಸಾಂಬಾ ಯಂತ್ರಗಳಿಗೆ ವಿನ್ಸ್ ಹೊಣೆ ವಹಿಸಿದರೆ, ಅವು ತಮ್ಮ ದಫ್ತರಗಳನ್ನು ಪರಸ್ಪರ ಹೊಂದಿಸಿಕೊಳ್ಳದ ಕಾರಣ, ಅರ್ಧ ಕಚೇರಿಗೆ ಇನ್ನರ್ಧ ಕಾಣದಂತಾಗುತ್ತದೆ. ಎರಡನೆಯ ಸೇವಕ ಇರಲಿ ಎಂಬ ಎಚ್ಚರದಿಂದಲೇ ಇದನ್ನು ಮಾಡುವವರು ಹೆಚ್ಚು ಎಂಬುದು ವಿಷಾದದ ಸಂಗತಿ. ಹಾಗೆಯೇ, ಅದೇ ಹೆಸರಿನ ವಿಂಡೋಸ್ ಡೊಮೇನ್ ಮೊದಲೇ ಇರುವಲ್ಲಿ ಸಾಂಬಾವನ್ನು ಡೊಮೇನ್ ಮಾಸ್ಟರ್ ಮಾಡಿದರೆ 1ಬಿ ಹೆಸರಿಗಾಗಿ ಇಬ್ಬರ ನಡುವೆ ತಿಕ್ಕಾಟ ತಪ್ಪದು. ವಿನ್ಸ್ ಇಲ್ಲದೆಯೇ ಕೆಲಸ ಸಾಧಿಸಬಯಸುವವರಿಗಾಗಿ ಸಾಂಬಾದಲ್ಲಿ ‘ರಿಮೋಟ್ ಅನೌನ್ಸ್’ ಎಂಬ ಸೌಲಭ್ಯವಿದೆ: ಸರ್ವರ್ ತನ್ನ ಘೋಷಣೆಯನ್ನು ದೂರದ ಸಬ್‌ನೆಟ್‌ನ ಬ್ರಾಡ್‌ಕಾಸ್ಟ್ ವಿಳಾಸಕ್ಕೇ, ಉದಾಹರಣೆಗೆ 192.168.30.255ಕ್ಕೆ, ಕಳಿಸಿಕೊಡುತ್ತದೆ. ಆದರೆ ಇಂಥ ವಿಳಾಸಗಳನ್ನು ದಾಳಿಕೋರರು ದುರ್ಬಳಕೆ ಮಾಡಿಕೊಂಡದ್ದರಿಂದ, 1999ರ ಆರ್‌ಎಫ್‌ಸಿ 2644ರ ಬಳಿಕ ಇವನ್ನು ತಡೆಯುವುದೇ ರೌಟರ್‌ಗಳ ಪೂರ್ವನಿಯೋಜಿತ ನಡೆಯಾಗಿದೆ. ಆಗ ಬ್ರಾಡ್‌ಕಾಸ್ಟ್ ವಿಳಾಸದ ಬದಲು ಅಲ್ಲಿಯ ಸ್ಥಳೀಯ ಒಡೆಯನ ವಿಳಾಸವನ್ನೇ ಕೊಡಬೇಕಾಗುತ್ತದೆ, ಆ ಒಡೆಯ ಚುನಾವಣೆಯಿಂದ ಬದಲಾಗದ ಯಂತ್ರವಾಗಿರಬೇಕಾಗುತ್ತದೆ. ಪ್ರತಿ ಯಂತ್ರದಲ್ಲಿಯೂ ‘ಎಲ್‌ಎಂಹೋಸ್ಟ್ಸ್’ ಎಂಬ ಪಠ್ಯಕಡತದಲ್ಲಿ ಹೆಸರು-ವಿಳಾಸಗಳನ್ನು ಕೈಯಾರೆ ಬರೆದಿಡುವ ಹಳೆಯ ಪದ್ಧತಿ ಹತ್ತು ಯಂತ್ರಗಳಿಗೆ ಸರಿ, ನೂರಕ್ಕೆ ಶಿಕ್ಷೆ.

ಈ ಇಡೀ ಕಟ್ಟಡ ಕುಸಿದದ್ದು 2017ರಲ್ಲಿ. ಕಡತ ಹಂಚಿಕೆಯ ಎಸ್‌ಎಂಬಿ ಎಂಬ ನಿಯಮಾವಳಿಯ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನು ಹಿಡಿದು ಆ ವರ್ಷದ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡಿತು. ಆ ಆವೃತ್ತಿಯನ್ನು ಬಿಟ್ಟುಬಿಡುವ ತೀರ್ಮಾನ ಅದಕ್ಕೂ ಮೊದಲೇ ಆಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಅನುಸ್ಥಾಪಿಸಿದ ಯಂತ್ರಗಳಲ್ಲಿ ಎಸ್‌ಎಂಬಿ 1 ಪೂರ್ವನಿಯೋಜಿತವಾಗಿ ಇರುವುದಿಲ್ಲ. ಬ್ರೌಸರ್ ಸೇವೆ ಅದನ್ನೇ ನೆಚ್ಚಿಕೊಂಡಿದ್ದುದರಿಂದ ಅದೂ ಜೊತೆಗೇ ಹೋಯಿತು. ಸಾಂಬಾ ಕೂಡ 2019ರ 4.11 ಆವೃತ್ತಿಯಲ್ಲಿ ಎಸ್‌ಎಂಬಿ 1ನ್ನು ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಿತು. ಸರ್ವರ್‌ಗಳು ಪಟ್ಟಿಯಲ್ಲಿ ಕಾಣಲೆಂದು ಎಸ್‌ಎಂಬಿ 1ನ್ನು ಮರಳಿ ಚಾಲ್ತಿಗೆ ತರಬೇಕೆಂಬ ಸಲಹೆ ಇಂದಿಗೂ ಕೇಳಿಬರುತ್ತದೆ. ಒಂದು ಪಟ್ಟಿಯ ಅನುಕೂಲಕ್ಕಾಗಿ ಕಚೇರಿಯ ಕಡತಗಳನ್ನೆಲ್ಲ ಪಣಕ್ಕೊಡ್ಡುವ ಆ ಸಲಹೆಯನ್ನು ಯಾವ ಸಂದರ್ಭದಲ್ಲಿಯೂ ಪಾಲಿಸಬಾರದು.

ಹಳೆಯ ಬ್ರೌಸರ್ ಸೇವೆಯ ಜಾಗಕ್ಕೆ ಬಂದಿರುವವು ಎರಡು. ವಿಸ್ತಾದಿಂದೀಚೆಗಿನ ವಿಂಡೋಸ್ ಬಳಸುವ ಡಬ್ಲ್ಯೂಎಸ್-ಡಿಸ್ಕವರಿ 239.255.255.250 ಎಂಬ ವಿಳಾಸಕ್ಕೆ ಯುಡಿಪಿ 3702ನೆಯ ಪೋರ್ಟ್‌ನಲ್ಲಿ ಮಾತಾಡುತ್ತದೆ. ಆಪಲ್ 2002ರಲ್ಲಿ ಬಳಕೆಗೆ ತಂದು ಈಗ ಬೊಂಜೂರ್ ಎಂದು ಕರೆಯುವ, ಲಿನಕ್ಸ್‌ನಲ್ಲಿ ಅವಾಹಿ ಎಂಬ ತಂತ್ರಾಂಶ ನಿರ್ವಹಿಸುವ ಎಂಡಿಎನ್‌ಎಸ್ 224.0.0.251ಕ್ಕೆ 5353ನೆಯ ಪೋರ್ಟ್‌ನಲ್ಲಿ ಮಾತಾಡುತ್ತದೆ. ಎರಡೂ ಬ್ರಾಡ್‌ಕಾಸ್ಟ್‌ನ ಬದಲು ಮಲ್ಟಿಕಾಸ್ಟ್ ಬಳಸುತ್ತವೆ, ಎಂದರೆ ಎಲ್ಲರಿಗೂ ಅಲ್ಲದೆ ಕೇಳಲು ಒಪ್ಪಿಕೊಂಡವರಿಗೆ ಮಾತ್ರ ಸಂದೇಶ ಕಳಿಸುತ್ತವೆ. ಗಡಿಯ ವಿಚಾರದಲ್ಲಿ ಮಾತ್ರ ಏನೂ ಬದಲಾಗಿಲ್ಲ. 224.0.0 ಎಂದು ಆರಂಭವಾಗುವ ವಿಳಾಸಗಳನ್ನು ಯಾವ ರೌಟರೂ ದಾಟಿಸಕೂಡದೆಂಬುದು ನಿಯಮ, ಡಬ್ಲ್ಯೂಎಸ್-ಡಿಸ್ಕವರಿಯ ಸಂದೇಶಗಳು ಒಂದೇ ಒಂದು ನೆಗೆತದ ಆಯುಸ್ಸಿನೊಂದಿಗೆ ಹೊರಡುತ್ತವೆ. ಸಾಂಬಾ ಸರ್ವರ್ ಹೊಸ ವಿಂಡೋಸ್‌ಗೆ ಕಾಣಲೆಂದು ಪಕ್ಕದಲ್ಲಿ ನಡೆಸುವ ಡಬ್ಲ್ಯೂಎಸ್‌ಡಿಡಿ ಎಂಬ ಪುಟ್ಟ ತಂತ್ರಾಂಶವೂ ಸಬ್‌ನೆಟ್‌ನೊಳಗಿನ ಕುರುಡನ್ನಷ್ಟೇ ನೀಗಿಸುತ್ತದೆ. ಅವಾಹಿಯಲ್ಲಿ ‘ರಿಫ್ಲೆಕ್ಟರ್’ ಎಂಬ ಆಯ್ಕೆಯಿದೆ. ಎರಡು ಸಬ್‌ನೆಟ್‌ಗಳಲ್ಲೂ ಕಾಲೂರಿದ ಯಂತ್ರ ಅದನ್ನು ಬಳಸಿ ಒಂದರ ಸಂದೇಶಗಳನ್ನು ಇನ್ನೊಂದರಲ್ಲಿ ಮರುನುಡಿಯುತ್ತದೆ. ಮನೆಗೂ ಸಣ್ಣ ಕಚೇರಿಗೂ ಅದು ಸಾಕು, ಆದರೆ ಸಬ್‌ನೆಟ್‌ಗಳು ಹೆಚ್ಚಿದಂತೆ ಹಿಂದೆ ನೆಟ್‌ವೇರ್‌ಗೆ ಒದಗಿದ ಹೊರೆಯೇ ಇಲ್ಲಿಯೂ ಒದಗುತ್ತದೆ.

ದೊಡ್ಡ ಜಾಲಗಳಿಗೆ ದೃಢವಾದ ಆಸರೆಯೆಂದರೆ ಡಿಎನ್‌ಎಸ್. ಅಂತರಜಾಲದ ಹೆಸರುಗಳನ್ನು ದಶಕಗಳಿಂದ ಕಾಯುತ್ತಿರುವ ಈ ದಫ್ತರಕ್ಕೆ ಸಬ್‌ನೆಟ್‌ಗಳ ಗಡಿ ಲೆಕ್ಕಕ್ಕೇ ಇಲ್ಲ, ಏಕೆಂದರೆ ಅದರೊಂದಿಗಿನ ಪ್ರಶ್ನೋತ್ತರವೆಲ್ಲ ಖಚಿತ ವಿಳಾಸಕ್ಕೆ ನಡೆಯುವಂಥದು. 2013ರ ಆರ್‌ಎಫ್‌ಸಿ 6763ರ ಪ್ರಕಾರ ಡಿಎನ್‌ಎಸ್‌ನಲ್ಲಿ ಯಂತ್ರಗಳ ಹೆಸರುಗಳನ್ನಷ್ಟೇ ಅಲ್ಲದೆ ಅವು ಒದಗಿಸುವ ಸೇವೆಗಳನ್ನೂ ಪಟ್ಟಿ ಮಾಡಿಡಬಹುದು, ಆಪಲ್‌ನ ಮ್ಯಾಕ್ ಯಂತ್ರಗಳು ಆ ಪಟ್ಟಿಯನ್ನು ಓದಬಲ್ಲವು. ವಿಂಡೋಸ್ ಬಳಗದಲ್ಲಿ ಇದೇ ಉದ್ದೇಶಕ್ಕೆ ಡಿಎಫ್‌ಎಸ್ ಎಂಬ ಏರ್ಪಾಡು ಹೆಚ್ಚು ಒದಗುತ್ತದೆ. ಹಲವು ಸರ್ವರ್‌ಗಳಲ್ಲಿ ಹಂಚಿಹೋದ ಕಡತಕೋಶಗಳನ್ನು ಅದು ಒಂದೇ ಬೇರಿನಿಂದ ಕವಲೊಡೆದ ಮಾರ್ಗಗಳಂತೆ ತೋರಿಸುವುದರಿಂದ, ಬಳಕೆದಾರರಿಗೆ ಯಾವ ಸರ್ವರ್ ಯಾವ ಸಬ್‌ನೆಟ್‌ನಲ್ಲಿದೆಯೆಂಬ ಚಿಂತೆಯೇ ಉಳಿಯುವುದಿಲ್ಲ. ಸಾಂಬಾ ಕೂಡ ಇದರ ಬೇರಾಗಿ ನಿಲ್ಲಬಲ್ಲದು. ಸರ್ವರ್‌ಗಳನ್ನು ಹುಡುಕಿ ಕಂಡುಹಿಡಿಯುವ ಪಟ್ಟಿಗಿಂತ, ಬೇಕಾದ ಕಡತಕೋಶವನ್ನು ಗೊತ್ತಾದ ಹೆಸರಿನಲ್ಲಿ ಬಳಕೆದಾರರ ಕೈಗಿಡುವ ಇಂಥ ಏರ್ಪಾಡೇ ಮೇಲು. ನಿರ್ವಾಹಕರ ಶ್ರಮ ಆರಂಭದಲ್ಲಿ ಹೆಚ್ಚಾದರೂ, ಯಾರು ಏನನ್ನು ನೋಡಬೇಕೆಂಬುದನ್ನು ತೀರ್ಮಾನಿಸುವವರು ಆಗ ಮನುಷ್ಯರಾಗುತ್ತಾರೆ, ಯಂತ್ರಗಳ ಚುನಾವಣೆಯಲ್ಲ. ವಿನ್ಸ್ ಸೇವೆಯನ್ನು ಮೈಕ್ರೋಸಾಫ್ಟ್ ವಿಂಡೋಸ್ ಸರ್ವರ್ 2022ರಿಂದ ಕೈಬಿಡಲಿರುವ ಸೌಲಭ್ಯಗಳ ಸಾಲಿಗೆ ಸೇರಿಸಿರುವುದರಿಂದ, ಹೊಸದಾಗಿ ಜಾಲ ಕಟ್ಟುವವರು ಹಳೆಯ ದಾರಿಯನ್ನು ಅರಿತಿದ್ದರೆ ಸಾಕು, ತುಳಿಯಬೇಕಿಲ್ಲ.

ಹೆಸರು ಸಿಕ್ಕಿ ವಿಳಾಸವೂ ಸಿಕ್ಕ ಮೇಲೆ ಉಳಿಯುವುದು ಮೂರನೆಯ ಪ್ರಶ್ನೆ, ಸಂಪರ್ಕದ್ದು. ಎಸ್‌ಎಂಬಿ ಈಗ ನಡೆಯುವುದು ಟಿಸಿಪಿ 445ನೆಯ ಪೋರ್ಟ್‌ನಲ್ಲಿ. ಸಬ್‌ನೆಟ್‌ಗಳ ನಡುವಿನ ಫೈರ್‌ವಾಲ್‌ನಲ್ಲಿ ಅಗತ್ಯವಿರುವ ಸರ್ವರ್‌ಗೆ ಮಾತ್ರ ಅದನ್ನು ತೆರೆಯಬೇಕು, ಅಂತರಜಾಲದ ಕಡೆಗೆ ಎಂದಿಗೂ ತೆರೆಯಬಾರದು. ಇದಲ್ಲದೆ ವಿಂಡೋಸ್‌ನ ಸ್ವಂತ ಫೈರ್‌ವಾಲ್‌ನಲ್ಲಿ ಕಣ್ತಪ್ಪಿಹೋಗುವ ಒಂದು ನಿಯಮವಿದೆ. ಕಡತ ಹಂಚಿಕೆಯನ್ನು ಅನುಮತಿಸಿದಾಗಲೂ, ಡೊಮೇನ್‌ಗೆ ಸೇರದ ಯಂತ್ರದಲ್ಲಿ ಆ ಅನುಮತಿ ‘ಲೋಕಲ್ ಸಬ್‌ನೆಟ್’ಗೆ ಮಾತ್ರ ಸೀಮಿತವಾಗಿರುತ್ತದೆ. ಹಾಗಾಗಿ ರೌಟರ್, ಡಿಎನ್‌ಎಸ್, ಗುಪ್ತಪದ ಎಲ್ಲವೂ ಸರಿಯಿದ್ದು, ಪಕ್ಕದ ಮಹಡಿಯಿಂದ ಕಳಿಸಿದ ಪಿಂಗ್‌ಗೂ ಉತ್ತರ ಬರುವಂತೆ ಮಾಡಿಟ್ಟ ಮೇಲೂ ಕಡತ ಮಾತ್ರ ತೆರೆಯದಿದ್ದರೆ, ಆ ನಿಯಮದ ವ್ಯಾಪ್ತಿಗೆ ಸಂಬಂಧಪಟ್ಟ ಸಬ್‌ನೆಟ್‌ನ ವಿಳಾಸವನ್ನು, ಉದಾಹರಣೆಗೆ 192.168.30.0/24 ಎಂದು, ಹೆಸರಿಸಿ ಸೇರಿಸಬೇಕು. ಫೈರ್‌ವಾಲನ್ನೇ ಆರಿಸುವ ಅಗತ್ಯವಿಲ್ಲ.